ಹೆಣದ ಕನ್ನಿಯಮ್ಮ

ಕನ್ನಿಯಮ್ಮನನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ, ಮುಂದೆ ನಾನು ಬರೆಯುವುದರಲ್ಲಿ ಎಷ್ಟನ್ನು ನಂಬಬೇಕು, ಎಷ್ಟನ್ನು ಬಿಡಬೇಕು ಎಂದು ನೀವೇ ನೋಡಿಕೊಳ್ಳಬಹುದು. ಚೆನ್ನೈನ ಸಾಲಿಗ್ರಾಮಂನಲ್ಲಿ ಒಂದೇ ವಠಾರದಲ್ಲಿ, ಗೋಡೆಗೆ ಗೋಡೆ ಅಂಟಿಸಿಕೊಂಡು ಇಪ್ಪತ್ತಾರು ವರ್ಷದಿಂದ ಇದ್ದೇವೆ. ಕೊಳಾಯಿ ಒಂದೇ, ಬಟ್ಟೆ ಒಣಹಾಕುವ ತಂತಿ ಒಂದೇ, ಕೆಲಸ ಕೊಡಿಸುವ ಏಜೆಂಟನೂ ಒಬ್ಬನೇ. ಇಷ್ಟು ವರ್ಷದಲ್ಲಿ ಒಂದು ದಿನವಾದರೂ ಅವಳು ನನ್ನ ಕೊಡ ತುಂಬುವ ತನಕ ಕಾದವಳಲ್ಲ.

ಇಬ್ಬರೂ ಜೂನಿಯರ್ ಆರ್ಟಿಸ್ಟ್‌ಗಳು. ಹೀರೋ ಬೀದಿಯಲ್ಲಿ ನಡೆದುಹೋಗುವಾಗ ಹಿಂದೆ ಮಸುಕಾಗಿ ಕಾಣುತ್ತಾರಲ್ಲ, ಅವರು ನಾವು. ನನ್ನ ಹೆಸರು ಇಂದ್ರಾಣಿ. ನಾನು ಅಳುವವಳು. ಸಾವಿನ ಮನೆ, ಆಸ್ಪತ್ರೆಯ ಬಾಗಿಲು, ಕೋರ್ಟಿನ ಮೆಟ್ಟಿಲು, ಎಲ್ಲಿ ನಾಲ್ಕು ಜನ ಹೆಂಗಸರು ಎದೆ ಬಡಿದುಕೊಳ್ಳಬೇಕೋ ಅಲ್ಲಿ ನಾನಿರುತ್ತೇನೆ. ಕನ್ನಿಯಮ್ಮ ಹೆಣ. ಬೆಳಿಗ್ಗೆ ಕೊಳಾಯಿಯ ಹತ್ತಿರ ಅವಳಿಂದ ಬೈಸಿಕೊಂಡು ಹೋಗಿ, ಹತ್ತು ಗಂಟೆಗೆ ಅವಳ ಮೈಮೇಲೆ ಬಿದ್ದು ಹೊರಳಾಡಿ ಅತ್ತ ದಿನಗಳು ಲೆಕ್ಕವಿಲ್ಲ. ನನಗೆ ಗ್ಲಿಸರಿನ್ ಬೇಕಾಗುವುದಿಲ್ಲ. ಇವಳ ಮೇಲಿನ ಸಿಟ್ಟಿಗೇ ಕಣ್ಣೀರು ಬಂದುಬಿಡುತ್ತದೆ.

ಹತ್ತೊಂಬತ್ತನೇ ವಯಸ್ಸಿಗೆ ಚೆಯ್ಯಾರ್ ಕಡೆಯಿಂದ ಹೀರೋಯಿನ್ ಆಗುತ್ತೇನೆಂದು ಬಂದವಳು ಅವಳು. ಆಗ ತೆಗೆಸಿದ ಫೋಟೋ ಇವತ್ತಿಗೂ ಮನೆಯಲ್ಲಿ ಮುರುಗನ ಪಟದ ಪಕ್ಕ ಇದೆ. ತಲೆ ತುಂಬ ಕನಕಾಂಬರ, ಗಲ್ಲದ ಮೇಲೆ ಕೈ, ಬಾಯಿ ತುಂಬ ನಗು. ಚೆನ್ನಾಗಿಯೇ ಇದ್ದಳು, ಇಲ್ಲವೆಂದರೆ ನನ್ನ ನಾಲಿಗೆ ಸೇದಿಹೋದೀತು. ಮೊದಲು ಸಿಕ್ಕ ವೇಷ ಬಾವಿಗೆ ಬಿದ್ದು ಸತ್ತ ತಂಗಿ. ಉಸಿರು ಬಿಗಿ ಹಿಡಿದು ಒಂದೂವರೆ ನಿಮಿಷ ಮಲಗಿದಳು. ರೆಪ್ಪೆ ಅಲ್ಲಾಡಲಿಲ್ಲ. ಅಲ್ಲಿಗೆ ಅವಳ ಹಣೆಬರಹ ಮುಗಿಯಿತು. ಸ್ಟುಡಿಯೋಗಳ ಕೋಡಂಬಾಕ್ಕಂನಲ್ಲಿ ಎಲ್ಲಿ ಹೆಣ ಬೇಕಾದರೂ ಮೊದಲು ಅವಳ ಹೆಸರು. ಮೂವತ್ತು ವರ್ಷದಲ್ಲಿ ಒಂದು ಮಾತು ಆಡುವ ವೇಷ ಬಂದಿಲ್ಲ. ಅವಳಿಗೆ ಇನ್ನೊಂದು ಸಲ ಮಾಡು ಎಂದು ಯಾರೂ ಹೇಳಿಯೂ ಇಲ್ಲ, ಯಾಕೆಂದರೆ ಹೆಣಕ್ಕೆ ಒಂದೇ ಟೇಕ್. ಜಗಳದಲ್ಲಿ ನಾನು ಎತ್ತುವ ಮಾತು ಅದೇ. "ನಂಗೆ ಏಳೇಳು ಟೇಕ್ ತೆಗೀತಾರೆ ಕಣೇ, ಮುಖದಲ್ಲಿ ಏನೋ ಇದೆ ಅಂತ. ನಿಂಗೆ?" ಅವಳು ಆಗ ಕೊಳಾಯಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತಾಳೆ.

ನಮ್ಮ ಸಿನಿಮಾ ಮಂದಿಯಲ್ಲಿ ಒಂದು ಕಟ್ಟಳೆ ಇದೆ. ಹೆಣದ ವೇಷ ಹಾಕಿದವರು ಹಾಗೇ ಸೀರೆ ಕೊಡವಿಕೊಂಡು ಎದ್ದು ಹೋಗುವಂತಿಲ್ಲ. ಶಾಟ್ ಮುಗಿದ ಮೇಲೆ ಕ್ಯಾಮೆರಾ ಇನ್ನೊಮ್ಮೆ ಓಡಬೇಕು. ಹೆಣ ಕಣ್ಣು ಬಿಟ್ಟು, ಎದ್ದು, ಕ್ಯಾಮೆರಾ ನೋಡಿ ನಗಬೇಕು. ಆಮೇಲೆ ಬೂದುಗುಂಬಳಕಾಯಿ ನಿವಾಳಿಸಿ ಒಡೆಯುತ್ತಾರೆ. ಕ್ಯಾಮೆರಾ ಕೊನೆಗೆ ಕಂಡದ್ದು ಸತ್ತ ಮುಖ ಆಗಬಾರದು, ಆದರೆ ಅದು ನಿಜವಾಗುತ್ತದೆ ಎಂಬ ಭಯ. ಆ ನಗು ಸಿನಿಮಾಕ್ಕಲ್ಲ. ಎಡಿಟಿಂಗ್‌ನಲ್ಲಿ ಮೊದಲು ಕಸಕ್ಕೆ ಹೋಗುವುದೇ ಅದು. ನಮಗೆಲ್ಲ ಗೊತ್ತಿರುವ ಸಂಗತಿ, ಯಾರೂ ಯಾರಿಗೂ ಬಿಡಿಸಿ ಹೇಳುವುದಿಲ್ಲ.

ಕನ್ನಿಯಮ್ಮನಿಗೆ ಈ ಭಯ ರಕ್ತದಲ್ಲೇ ಇದೆ. ಅವಳ ಗಂಡ ಮುನಿರತ್ನಂ ಸಿನಿಮಾ ಹೊಡೆದಾಟಗಳಲ್ಲಿ ಫೈಟರ್ ಆಗಿದ್ದ. ಯಾವುದೋ ಪೊಲೀಸ್ ಸಿನಿಮಾದಲ್ಲಿ ಗುಂಡು ತಿಂದು ಬಿದ್ದ. ಬೆಳಕು ಹೋಯಿತೆಂದು ಅವನನ್ನು ನಗಿಸದೆ ಪ್ಯಾಕಪ್ ಮಾಡಿದರು. ಹನ್ನೊಂದನೇ ದಿನ ನಿಜವಾಗಿಯೇ ಹೋದ. ಅವನ ಲಿವರ್ ಕೆಟ್ಟು ಎರಡು ವರ್ಷ ಆಗಿತ್ತು, ಕುಡಿದು ಕುಡಿದು ಹಳದಿಯಾಗಿದ್ದ. ಅದನ್ನು ನಾನು ಆಗ ಒಂದು ಸಲ ಹೇಳಿದೆ. ಕೊಡ ಎತ್ತಿ ಹೊಡೆದಳು. ನನ್ನ ಎಡ ಹುಬ್ಬಿನ ಮೇಲಿನ ಗುರುತು ಅದೇ.

ಈಗ ಹೇಳಬೇಕಾದದ್ದು ಕದಿರವನ್‌ನ ಸಿನಿಮಾದ ವಿಷಯ. ಮೂವತ್ತು ದಾಟಿದ ಗಡ್ಡದ ಹುಡುಗ, ಡೈರೆಕ್ಟರ್ ಆಗಿ ಅವನಿಗೆ ಮೊದಲ ಸಿನಿಮಾ. ಕಾಂಗೇಯಂ ಸುತ್ತಿನ ಕೊಂಗು ಸೀಮೆಯಲ್ಲಿ ಹದಿನೈದು ವರ್ಷದ ಹಿಂದೆ ಒಂದು ತಂಡ ಹೊಲದ ನಡುವಿನ ಒಂಟಿ ಮನೆಗಳಿಗೆ ನುಗ್ಗಿ, ಮುದುಕ ಮುದುಕಿಯರನ್ನು ಬಡಿದು ಕೊಂದು, ಕಿವಿಯ ಓಲೆ ಕಿತ್ತುಕೊಂಡು ಹೋಗುತ್ತಿತ್ತು. ಅವರನ್ನು ಬೆನ್ನಟ್ಟಿ ಹಿಡಿಯುವ ಪೊಲೀಸ್ ಅಧಿಕಾರಿಯ ಕಥೆ. "ಎಲ್ಲಾ ನಿಜ, ಎಲ್ಲಾ ನಡೆದದ್ದು, ನಡೆದ ಜಾಗದಲ್ಲೇ ತೆಗೀತೀವಿ," ಎಂದು ಬಸ್ಸಿನಲ್ಲಿ ಕಾಂಗೇಯಂ ತಲುಪುವ ತನಕ ಕೊರೆದ. ನಿಜದ ಮೇಲೆ ಅಷ್ಟು ಪ್ರೀತಿ ಇದ್ದವನು ನಮಗೆ ಕೊಟ್ಟ ಇಡ್ಲಿ ಮಾತ್ರ ಹಿಂದಿನ ದಿನದ್ದು.

ಮನೆ ಕಾಂಗೇಯಂನಿಂದ ಹದಿಮೂರು ಕಿಲೋಮೀಟರ್ ದೂರ, ಮುಳ್ಳುಬೇಲಿಯ ಹುಲ್ಲುಗಾವಲಿನ ನಡುವೆ. ಮುಂದೆ ಸಗಣಿ ಸಾರಿಸಿದ ಅಂಗಳ, ಪಕ್ಕಕ್ಕೆ ಕೊಟ್ಟಿಗೆ, ಒಂದು ಬೇವಿನ ಮರ. ಅಲ್ಲಿ ಪಾವಾಯಿ ಎಂಬ ಮುದುಕಿಯನ್ನು ಕೊಂದಿದ್ದರು. ಈಗ ಅವಳ ಮಗಳು ತುಳಸಿಮಣಿ ಅದೇ ಮನೆಯಲ್ಲಿ ಎಮ್ಮೆ ಸಾಕಿಕೊಂಡು ಸೊಸೈಟಿಗೆ ಹಾಲು ಹಾಕುತ್ತಾಳೆ. ನಲವತ್ತೈದರ ಹೆಂಗಸು, ಕಡ್ಡಿ ಮೈ, ದಪ್ಪ ದನಿ. ಅವಳು ನಮ್ಮನ್ನು ನೋಡಿದ ರೀತಿಗೆ ನಾವು ಬಸ್ಸಿನಿಂದ ಇಳಿಯುವುದೋ ಬೇಡವೋ ಎಂದು ಯೋಚಿಸಿದೆವು.

ಅವಳು ಮನೆ ಬಿಟ್ಟುಕೊಟ್ಟದ್ದಕ್ಕೆ ಒಂದು ಕಾರಣ ಇತ್ತು. ಕದಿರವನ್ ನಾಲ್ಕು ಸಲ ಬಂದು, ನಿಮ್ಮಮ್ಮನ ಕಥೆಯನ್ನು ಊರಿಗೆಲ್ಲ ಹೇಳುತ್ತೇನೆಂದು ಮಾತು ಕೊಟ್ಟಿದ್ದ. ಪಾವಾಯಿ ಸುಮ್ಮನೆ ಸತ್ತಿರಲಿಲ್ಲ. ಓಲೆಗೆ ಕೈ ಹಾಕಿದವನ ಮುಂಗೈ ಕಚ್ಚಿ ಹಿಡಿದಿದ್ದಳು. ಆ ಹಲ್ಲಿನ ಗುರುತಿನಿಂದಲೇ ಒಬ್ಬ ಸಿಕ್ಕಿದ್ದು, ಅವನಿಂದ ತಂಡವೇ ಸಿಕ್ಕಿದ್ದು. ಬಂದ ದಿನವೇ ತುಳಸಿಮಣಿ ಟೀ ಕುಡಿಯುತ್ತಿದ್ದ ಕದಿರವನ್‌ನ ಮುಂದೆ ಬಂದು ನಿಂತಳು.

"ನಮ್ಮವ್ವ ಕಚ್ಚೋದು ಯಾವತ್ತು ತೆಗೀತೀರಿ?"

"ಅಮ್ಮಾ, ಅದು ಸ್ಕ್ರಿಪ್ಟಲ್ಲಿ ಸ್ವಲ್ಪ ಬದಲಾಗಿದೆ. ಹೀರೋ ಅಂಗಳದಲ್ಲಿ ಬೂಟಿನ ಅಚ್ಚು ನೋಡಿ ಕಂಡುಹಿಡೀತಾರೆ."

"ಕಳ್ಳರು ಬರಿಗಾಲಲ್ಲಿ ಬಂದಿದ್ರು."

"ಗೊತ್ತಮ್ಮಾ. ಆದ್ರೆ ನಿಮ್ಮಮ್ಮನೇ ಎಲ್ಲಾ ಮಾಡಿಬಿಟ್ರೆ ಹೀರೋ ಏನ್ಮಾಡ್ಬೇಕು ಹೇಳಿ?"

"ಎಮ್ಮೆ ಹಾಲು ಕರೀಲಿ," ಎಂದಳು ತುಳಸಿಮಣಿ.

ಯೂನಿಟ್ಟಿನವರೆಲ್ಲ ಲೋಟದೊಳಗೆ ನಕ್ಕರು. ಕದಿರವನ್ ನಗಲಿಲ್ಲ. ಮ್ಯಾನೇಜರ್ ವೈದ್ಯಲಿಂಗಂ ಅವಳನ್ನು ಪಕ್ಕಕ್ಕೆ ಕರೆದು, ಸಹಿ ಹಾಕಿ ಆಗಿದೆ, ಇನ್ನು ಮಾತಿಲ್ಲ ಎಂದ. ಅವತ್ತಿನಿಂದ ಅವಳು ನಮ್ಮಲ್ಲಿ ಯಾರಿಗೂ ಬಾವಿಯ ಹಗ್ಗ ಕೊಡಲಿಲ್ಲ.

ಮೂರನೇ ದಿನ ಹೆಣದ ಶಾಟ್. ಕೊಲೆಯ ಮಾರನೆಯ ಬೆಳಿಗ್ಗೆ ಹೀರೋ ಜೀಪಿನಲ್ಲಿ ಬಂದಿಳಿದು ಹೆಣ ನೋಡುವ ದೃಶ್ಯ. ಆರ್ಟ್ ಡಿಪಾರ್ಟ್‌ಮೆಂಟಿನವರು ಅವತ್ತು ಪೊಲೀಸರು ತೆಗೆದಿದ್ದ ಫೋಟೋ ಸಂಪಾದಿಸಿದ್ದರು. ಕನ್ನಿಯಮ್ಮನಿಗೆ ಬಿಳಿ ಸೀರೆ ಉಡಿಸಿ, ಕಿವಿಯಿಂದ ಕುತ್ತಿಗೆಗೆ ರಕ್ತ ಹಚ್ಚಿ, ಫೋಟೋದಲ್ಲಿ ಹೇಗಿತ್ತೋ ಹಾಗೇ ಮಲಗಿಸಿದರು. ಬಲಗಾಲು ಮಡಚಿ, ಎಡಗೈ ಎಮ್ಮೆ ಕಟ್ಟುವ ಗೂಟದ ಕಡೆ ಚಾಚಿ, ಒಂದು ಚಪ್ಪಲಿ ಮೂರು ಮಾರು ಆಚೆ. ನಾವು ಏಳು ಹೆಂಗಸರು ಬೇಲಿಯ ಹತ್ತಿರ ನಿಂತು ಬಾಯಿ ಬಡಿದುಕೊಂಡೆವು. ತುಳಸಿಮಣಿಯನ್ನು ವೈದ್ಯಲಿಂಗಂ ಮೊದಲೇ ಹಿತ್ತಲಿಗೆ ಕಳಿಸಿದ್ದ. ಕನ್ನಿಯಮ್ಮ ಯಾವತ್ತಿನಂತೆ ಒಂದೇ ಟೇಕಿಗೆ ಸತ್ತಳು.

ಕದಿರವನ್ ಓಕೆ ಅಂದ. ಕ್ಯಾಮೆರಾಮನ್ ದೊರೈಕಣ್ಣು ನಮ್ಮ ಕಾಲದ ಮನುಷ್ಯ. ಅವನು ಕೈ ಎತ್ತಿ, "ಯಾರೂ ಅಲ್ಲಾಡ್ಬೇಡಿ, ಅಕ್ಕ ನಗೋ ಶಾಟ್ ಇದೆ," ಎಂದ. ಆ ಮಾತು ಹಿತ್ತಲಿಗೆ ಕೇಳಿಸಿತು.

ತುಳಸಿಮಣಿ ಕೈಯಲ್ಲಿದ್ದ ಸಗಣಿ ಬುಟ್ಟಿ ಅಲ್ಲೇ ಬಿಟ್ಟು ಬಂದಳು. ಅಂಗಳದಲ್ಲಿ ಮಲಗಿದ್ದವಳನ್ನು ನೋಡಿ ಅವಳ ಕಾಲು ಒಂದು ಕ್ಷಣ ನಿಂತಿತು. ಆಮೇಲೆ ನೇರವಾಗಿ ಹೋಗಿ ಕ್ಯಾಮೆರಾಕ್ಕೂ ಹೆಣಕ್ಕೂ ನಡುವೆ ನಿಂತುಕೊಂಡಳು.

"ಯಾರು ನಗೋದು? ಏನಕ್ಕೆ?"

ದೊರೈಕಣ್ಣು ಕಟ್ಟಳೆಯನ್ನು ಎರಡು ಮಾತಲ್ಲಿ ಹೇಳಿದ. ಅವಳು ಕೇಳಿದಳು, ತಲೆ ಆಡಿಸಿದಳು.

"ನಮ್ಮವ್ವ ಸತ್ತ ಜಾಗದಲ್ಲಿ, ನಮ್ಮವ್ವನ ಹಾಗೆ ವೇಷ ಹಾಕ್ಕೊಂಡು, ಹಲ್ಲು ಕಿರಿಯೋದು. ಈ ಅಂಗಳದಲ್ಲಿ ಯಾರಾದ್ರೂ ನಗಲಿ ನೋಡೋಣ. ಹಲ್ಲು ಉದುರಿಸಿ ಕೈಗೆ ಕೊಡ್ತೀನಿ."

ಕದಿರವನ್‌ಗೆ ಇದು ಒಳ್ಳೆಯದೇ ಆಯಿತು. ಬಿಸಿಲು ಏರುತ್ತಿತ್ತು, ಅವನಿಗೆ ಅಂಗಳ ಖಾಲಿ ಬೇಕಿತ್ತು, ಹೀರೋನ ಜೀಪು ಬಂದು ನಿಲ್ಲುವ ಶಾಟ್ ಬಾಕಿ ಇತ್ತು. "ಬಿಡಿ ದೊರೈಯಣ್ಣಾ, ಮೂಢನಂಬಿಕೆ. ಆ ಅಮ್ಮನಿಗೂ ನೋವಾಗುತ್ತೆ. ಕನ್ನಿಯಮ್ಮಾ, ಎದ್ದೇಳಿ, ಮುಂದಿನ ಶಾಟ್," ಎಂದ.

ಕನ್ನಿಯಮ್ಮ ಏಳಲಿಲ್ಲ.

ಕಣ್ಣು ಮುಚ್ಚಿಕೊಂಡೇ, ತುಟಿ ಅಲ್ಲಾಡಿದ್ದು ಕಾಣದ ಹಾಗೆ ಹೇಳಿದಳು. "ಕ್ಯಾಮೆರಾ ಓಡಿಸಿ ಸಾರ್. ನಕ್ಕು ಏಳ್ತೀನಿ. ಇಲ್ಲಾಂದ್ರೆ ಇಲ್ಲೇ ಇರ್ತೀನಿ."

ವೈದ್ಯಲಿಂಗಂ ಬಂದ. ಇನ್ನು ಮುಂದೆ ಕೆಲಸವೇ ಸಿಗದ ಹಾಗೆ ಮಾಡುತ್ತೇನೆ ಎಂದ. ಹೆಣ ಅಲ್ಲಾಡಲಿಲ್ಲ. ಎತ್ತಿ ಪಕ್ಕಕ್ಕೆ ಹಾಕಿ ಎಂದು ಲೈಟ್ ಹುಡುಗರಿಬ್ಬರಿಗೆ ಹೇಳಿದ. "ಮುಟ್ಟಿದ್ರೆ ಆರ್ಟಿಸ್ಟ್ ಸಂಘದಲ್ಲಿ ಕಂಪ್ಲೇಂಟ್ ಕೊಡ್ತೀನಿ, ಹೆಂಗಸಿನ ಮೈಮೇಲೆ ಕೈ ಹಾಕಿದ್ರು ಅಂತ," ಎಂದಿತು ಹೆಣ. ಹುಡುಗರು ಹಿಂದೆ ಸರಿದರು. ಕೊನೆಗೆ ನನ್ನನ್ನು ತಳ್ಳಿದರು, ಪಕ್ಕದ ಮನೆಯವಳಲ್ಲವಾ, ನೀನು ಹೇಳು ಎಂದು.

"ಏಳೇ ಸಾಕು. ನಿನ್ನಿಂದ ನಮ್ಗೆಲ್ಲಾ ಊಟ ಲೇಟು," ಎಂದೆ.

"ನೀನು ಅಳೋಕೆ ಬಂದಿದೀಯ, ಅತ್ತು ಹೋಗು."

"ನಿನ್ನ ಗಂಡ ನಗದೇ ಸತ್ತದ್ದಲ್ಲ. ಕುಡಿದು ಸತ್ತದ್ದು."

ಅದನ್ನು ಆಡಬಾರದಿತ್ತು. ಆದರೆ ಅವಳ ಕೈಗೆ ಕೊಡ ಸಿಗದ ಜಾಗದಲ್ಲಿ ಅದನ್ನು ಹೇಳುವ ಅವಕಾಶ ನನಗೆ ಇನ್ಯಾವತ್ತು ಸಿಗಬೇಕು. ಅವಳ ರೆಪ್ಪೆ ಬಿಗಿಯಾಯಿತು. ಕಣ್ಣು ಮಾತ್ರ ಬಿಡಲಿಲ್ಲ. "ಹೋಗೇ," ಎಂದಳು, ಅಷ್ಟೇ.

ಹನ್ನೊಂದು ಆಯಿತು, ಹನ್ನೊಂದೂವರೆ ಆಯಿತು. ಹೀರೋ ಎರಡು ಸಲ ವ್ಯಾನಿನಿಂದ ಇಣುಕಿ, ಗಂಜಿ ಹಾಕಿದ ಖಾಕಿ ಒದ್ದೆಯಾಗುತ್ತಿದೆ ಎಂದು ಒಳಗೆ ಹೋದ. ಬೇವಿನ ನೆರಳು ಅಂಗಳದಿಂದ ಸರಿದು ಗೋಡೆಗೆ ಹೋಯಿತು. ಕನ್ನಿಯಮ್ಮನ ಮೇಲೆ ಪೂರಾ ಬಿಸಿಲು. ತುಳಸಿಮಣಿ ಒಂದು ಒನಕೆ ತಂದು ಅಡ್ಡ ಇಟ್ಟುಕೊಂಡು, ಅವಳಿಂದ ಎರಡು ಮಾರು ದೂರದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಇಬ್ಬರು ಹಟಮಾರಿಗಳ ನಡುವೆ ಸಿಕ್ಕಿ ನಲವತ್ತು ಜನ ಬೇಲಿಯ ಸುತ್ತ ಒಣಗಿದೆವು. ನನಗೆ ಇಬ್ಬರನ್ನೂ ಒದೆಯಬೇಕು ಎನಿಸುತ್ತಿತ್ತು.

ಜಗಳ ಕಾದದ್ದು ಅವರಿಬ್ಬರೇ. ನಾನು ಬೇಲಿಯ ಹತ್ತಿರ, ಅಳುವಾಗ ನಿಂತಿದ್ದ ಜಾಗದಲ್ಲೇ ಕೂತಿದ್ದರಿಂದ ಎಲ್ಲವೂ ಕೇಳಿಸಿತು.

"ಏಳು ಅಮ್ಮಣಿ. ಬಿಸಿಲಿಗೆ ನಿಜವಾಗ್ಲೂ ಹೋಗ್ಬಿಡ್ತೀಯ," ಎಂದಳು ತುಳಸಿಮಣಿ.

"ನಗದೆ ಎದ್ದರೂ ಹೋಗ್ತೀನಿ."

"ಹೋದ್ರೆ ಹೋಗು. ನಾಳೆ ಸಾಯೋಳು ಇವತ್ತು ನಮ್ಮನೆ ಮುಂದೆ ಹಲ್ಲು ತೋರಿಸ್ಬೇಕಾ?"

"ನಿನ್ನ ಮನೆ ಅಂತ ನಾನೇನು ಕೇಳ್ಕೊಂಡು ಬಂದ್ನಾ? ಬಾಡಿಗೆಗೆ ಕೊಟ್ಟವಳು ನೀನು. ನಿಮ್ಮವ್ವನ ಸಾವನ್ನ ಕೊಟ್ಟವಳೂ ನೀನೇ."

ತುಳಸಿಮಣಿ ಒನಕೆಗೆ ಕೈ ಹಾಕಿದಳು. ನಾನು ಎದ್ದು ನಿಂತೆ. ಅವಳು ಎತ್ತಲಿಲ್ಲ. ಆ ದಪ್ಪ ದನಿ ಇಳಿಸಿ ಹೇಳಿದಳು. "ಅವ್ವ ಕಚ್ಚಿದ್ದನ್ನ ತೋರಿಸ್ತಾರೆ ಅಂತ ಕೊಟ್ಟೆ. ಇಲ್ಲಿಗೆ ಬಂದೋರೆಲ್ಲಾ ಬರೀ ಅವ್ವ ಬಿದ್ದಿದ್ದನ್ನೇ ನೋಡಿದಾರೆ. ಪೇಪರಲ್ಲಿ ಅದೇ ಫೋಟೋ. ಕೋರ್ಟಲ್ಲಿ ಅದೇ ಫೋಟೋ. ನಂಗೂ ಕಣ್ಣು ಮುಚ್ಚಿದ್ರೆ ಅದೇ. ಬೇರೆ ಮುಖ ಹೆಂಗಿತ್ತು ಅಂತ ಮರ್ತೇ ಹೋಗಿದೆ."

ಅವಳು ಮಲಗಿದ್ದವಳ ಕಡೆ ವಾಲಿದಳು.

"ಎರಡು ಗಂಟೆ ಮಲಗಿ ದೊಡ್ಡದಾಗಿ ಆಡ್ತಿದೀಯ. ನಮ್ಮವ್ವ ಸಾಯಂಕಾಲ ನಾಲ್ಕರ ತನಕ ಹಿಂಗೇ ಬಿದ್ದಿದ್ಲು. ಫೋಟೋ ತೆಗೆಯೋನು ಬರ್ಬೇಕು, ನಾಯಿ ಬರ್ಬೇಕು, ಯಾರೂ ಮುಟ್ಟಂಗಿಲ್ಲ ಅಂತ ಪೊಲೀಸ್ನೋರು ಹಗ್ಗ ಕಟ್ಟಿಬಿಟ್ರು. ನಾನು ಆ ಬೇಲಿ ಹತ್ರ ನಿಂತಿದ್ದೆ. ಇಗೋ, ಇವ್ಳು ನಿಂತಿದಾಳಲ್ಲ, ಅಲ್ಲೇ."

ಅವಳು ತೋರಿಸಿದ್ದು ನನ್ನನ್ನು. ಸಿನಿಮಾಕ್ಕೆ ಬಾಯಿ ಬಡಿದುಕೊಳ್ಳಲು ಅವಳ ಜಾಗದಲ್ಲೇ ನನ್ನನ್ನು ನಿಲ್ಲಿಸಿದ್ದರು. ನಾನು ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ.

"ನೊಣ ಯಾರು ಓಡಿಸಿದ್ರು?" ಎಂದು ಕೇಳಿದಳು ಕನ್ನಿಯಮ್ಮ, ಕಣ್ಣು ಮುಚ್ಚಿಕೊಂಡೇ.

ಹೆಣವಾಗಿ ಮಲಗಿ ಮಲಗಿ ಅವಳಿಗೆ ಗೊತ್ತಿರುವ ಕಷ್ಟ ಅದೊಂದೇ. ಯಾರೂ ಓಡಿಸಿರಲಿಲ್ಲ.

ಆಗ ತುಳಸಿಮಣಿ ಕನ್ನಿಯಮ್ಮನ ಕುತ್ತಿಗೆ ನೋಡಿದಳು. ನಮ್ಮ ಸಿನಿಮಾ ರಕ್ತ ಸಕ್ಕರೆ ಪಾಕಕ್ಕೆ ಬಣ್ಣ ಬೆರೆಸಿ ಮಾಡುವುದು. ಬಿಸಿಲಿಗೆ ಅದು ಕರಗಿ ನೆಲಕ್ಕೆ ಇಳಿದಿತ್ತು. ಬೇವಿನ ಬುಡದಿಂದ ಕೆಂಪಿರುವೆಗಳ ಸಾಲು ಬಂದು ಕಿವಿಯ ಹಿಂದಿನಿಂದ ರವಿಕೆಯ ಒಳಕ್ಕೆ ಇಳಿಯುತ್ತಿತ್ತು. ಕುತ್ತಿಗೆಯೆಲ್ಲ ದದ್ದು ಎದ್ದಿತ್ತು. ಎಷ್ಟು ಹೊತ್ತಿನಿಂದ ಕಚ್ಚುತ್ತಿದ್ದವೋ, ಈ ಹೆಂಗಸು ಒಂದು ಬೆರಳು ಅಲ್ಲಾಡಿಸಿರಲಿಲ್ಲ.

"ಇರುವೆ ಮುತ್ತಿದೆ ಕಣೇ," ಎಂದಳು ತುಳಸಿಮಣಿ.

"ಗೊತ್ತು."

"ಒರೆಸ್ಕೋ."

"ಹೆಣ ಹೆಂಗೆ ಒರೆಸ್ಕೊಳ್ಳುತ್ತೆ?"

ತುಳಸಿಮಣಿ ಒನಕೆ ದಾಟಿ ಹೋದಳು. ಪಕ್ಕದಲ್ಲಿ ಕೂತು, ಸೆರಗಿನ ತುದಿಯಿಂದ ಕುತ್ತಿಗೆಯ ಇರುವೆಗಳನ್ನು ಒರೆಸಿದಳು. ಆಮೇಲೆ ಕಿವಿಯ ಹಿಂದೆ, ತಲೆ ಸ್ವಲ್ಪ ಎತ್ತಿ ಕೂದಲ ಬುಡದಲ್ಲಿ. ಒಂದೊಂದನ್ನೇ ಹೆಕ್ಕಿ ಬಿಸಾಕಿದಳು. ಮಡಚಿದ್ದ ಕಾಲಿನ ಮೇಲೆ ಸೀರೆ ಸರಿಮಾಡಿದಳು. ವೈದ್ಯಲಿಂಗಂ ಏನೋ ಹೇಳಲು ಹೋದಾಗ ದೊರೈಕಣ್ಣು ಅವನ ತೋಳು ಹಿಡಿದು ಹಿಂದೆ ಎಳೆದ.

ಎಲ್ಲ ಒರೆಸಿ ಆದ ಮೇಲೆ ಅವಳು ಎದ್ದಳು. ಮುಖದಲ್ಲಿ ಕರುಣೆ ಗಿರುಣೆ ಏನೂ ಇರಲಿಲ್ಲ. "ನಕ್ಕು ಎದ್ದು ಹಾಳಾಗಿ ಹೋಗು," ಎಂದು ಕ್ಯಾಮೆರಾದ ಪಕ್ಕಕ್ಕೆ ಬಂದು ನಿಂತಳು.

ಕ್ಯಾಮೆರಾ ಓಡಿತು. ಕನ್ನಿಯಮ್ಮ ಕಣ್ಣು ಬಿಟ್ಟಳು. ಕೈಯೂರಿ ಎದ್ದು ಕೂತು, ಮುರುಗನ ಪಟದ ಪಕ್ಕದ ಆ ಹಳೆಯ ಫೋಟೋದ ನಗು ನಕ್ಕಳು, ಮೂವತ್ತೆರಡೂ ಹಲ್ಲು ತೋರಿಸಿ. ಕದಿರವನ್ ಗಡಿಯಾರ ನೋಡುತ್ತ, "ಆಯ್ತಲ್ಲ, ಕಾಯಿ ಒಡೀರಿ," ಎಂದ.

"ಇಲ್ಲ," ಎಂದಳು ತುಳಸಿಮಣಿ. "ನಮ್ಮವ್ವ ಹಿಂಗೆ ನಗ್ತಿರ್ಲಿಲ್ಲ."

ಎಲ್ಲರೂ ಅವಳ ಕಡೆ ತಿರುಗಿದರು.

"ಅವಳದ್ದು ಉಬ್ಬುಹಲ್ಲು. ನಾಚಿಕೆ ಪಡ್ತಿದ್ಲು. ಕೈ ಅಡ್ಡ ಹಿಡ್ಕೊಂಡು ನಗ್ತಿದ್ಲು. ಹಿಂದಕ್ಕೆ ಮಲಕ್ಕೋ. ಮೊದ್ಲಿಂದ ಮಾಡು."

ನಾನು ಕನ್ನಿಯಮ್ಮನ ಮುಖ ನೋಡಿದೆ. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ಯಾರೋ ಅವಳಿಗೆ ಇನ್ನೊಮ್ಮೆ ಮಾಡು ಎಂದಿದ್ದರು. ಮಲಗಿದಳು. ಬಲಗಾಲು ಮಡಚಿದಳು, ಎಡಗೈ ಗೂಟದ ಕಡೆ ಚಾಚಿದಳು. ದೊರೈಕಣ್ಣು ಯಾರ ಅಪ್ಪಣೆಯನ್ನೂ ಕೇಳದೆ ಕ್ಯಾಮೆರಾ ಓಡಿಸಿದ. ಅವಳು ಕಣ್ಣು ಬಿಟ್ಟು, ನಿಧಾನವಾಗಿ ಎದ್ದು, ಬಾಯಿಗೆ ಅಂಗೈ ಅಡ್ಡ ಹಿಡಿದು, ತಲೆ ಒಂದಿಷ್ಟು ಪಕ್ಕಕ್ಕೆ ಹಾಕಿ ನಕ್ಕಳು. ತಲೆ ಪಕ್ಕಕ್ಕೆ ಹಾಕು ಎಂದು ಯಾರೂ ಹೇಳಿರಲಿಲ್ಲ.

ತುಳಸಿಮಣಿ ಕ್ಯಾಮೆರಾದ ಸ್ಟ್ಯಾಂಡ್ ಹಿಡಿದುಕೊಂಡಳು.

"ಇನ್ನೊಂದ್ಸಲ," ಎಂದಳು. "ಈ ಸಲ ಕೈ ತೆಗಿ. ಆ ಹಲ್ಲಲ್ಲೇ ತಾನೆ ಆ ಕಳ್ಳನ್ನ ಹಿಡಿದದ್ದು. ಏನಕ್ಕೆ ಮುಚ್ಕೋಬೇಕು?"

ಮೂರನೇ ಸಲ ಕನ್ನಿಯಮ್ಮ ಎದ್ದು, ಅಭ್ಯಾಸದಂತೆ ಕೈ ಬಾಯಿಗೆ ತಂದು, ಅರ್ಧದಲ್ಲಿ ನೆನಪಾದವಳ ಹಾಗೆ ಇಳಿಸಿ ನಕ್ಕಳು. ನಾನು ಅತ್ತೆ. ಯಾರೂ ಅಳು ಎಂದಿರಲಿಲ್ಲ, ಅದಕ್ಕೆ ಕೂಲಿಯೂ ಇರಲಿಲ್ಲ. ತುಳಸಿಮಣಿ ಅಳಲಿಲ್ಲ. ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋದಳು.

ಚೆನ್ನೈ ತಲುಪುವ ತನಕ ಕನ್ನಿಯಮ್ಮ ಬಸ್ಸಿನಲ್ಲಿ ಬೀಗುತ್ತ ಕೂತಿದ್ದಳು. ಮಾರನೆಯ ಬೆಳಿಗ್ಗೆ ಕೊಳಾಯಿಯ ಹತ್ತಿರ, "ಮೂರು ಟೇಕ್ ಕಣೇ. ಮುಖದಲ್ಲಿ ಏನೋ ಇದೆ ಅಂತ," ಎಂದಳು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಅವಳ ಕೊಡಕ್ಕೆ ಕಾಲಿಂದ ಒದ್ದುಬಿಟ್ಟೆ. ಆಮೇಲೆ ಎಂಟು ತಿಂಗಳು ನಮಗೆ ಮಾತಿಲ್ಲ.

ಸಿನಿಮಾ ಬಂತು. ಮೂರನೇ ದಿನ ಬೆಳಿಗ್ಗೆ ವಠಾರದ ಬಾಗಿಲಲ್ಲಿ ತುಳಸಿಮಣಿ ನಿಂತಿದ್ದಳು. ಕಾಂಗೇಯಂನಿಂದ ಬಸ್ಸಿನಲ್ಲಿ, ವಿಳಾಸ ಕೇಳಿಕೊಂಡು ಬಂದಿದ್ದಳು. ಕೈಯಲ್ಲಿ ಡಬ್ಬಿ ತುಂಬ ಎಮ್ಮೆ ತುಪ್ಪ, ಮೈಮೇಲೆ ಮಡಿಕೆ ಬಿಚ್ಚದ ಹೊಸ ಸೀರೆ.

"ಊರಲ್ಲಿ ಇನ್ನೂ ಬಂದಿಲ್ಲ. ಇಲ್ಲೇ ನೋಡ್ತೀನಿ. ನೀವೂ ಬನ್ನಿ," ಎಂದಳು. ಹೇಳಿದ್ದಲ್ಲ, ಅಪ್ಪಣೆ ಮಾಡಿದ್ದು. ಮಧ್ಯಾಹ್ನದ ಆಟಕ್ಕೆ ಹೋದೆವು. ಮಾತಿಲ್ಲದ ನಮ್ಮಿಬ್ಬರ ನಡುವೆ ಅವಳು ಕೂತಳು.

ಅಂಗಳದ ದೃಶ್ಯ ಬಂತು. ಜೀಪು ಬಂದು ನಿಂತಿತು. ಹೀರೋನ ಬೂಟು ಧೂಳಿಗೆ ಇಳಿಯಿತು. ಬೂಟಿನ ಆಚೆ ಒಂದು ಮಡಚಿದ ಕಾಲು, ಬಿಳಿ ಸೀರೆಯ ಅಂಚು. ಹೀರೋ ಕಪ್ಪು ಕನ್ನಡಕ ತೆಗೆದ, ಹಿಂದಿನ ಸಾಲಿನಲ್ಲಿ ಸಿಳ್ಳೆ ಬಿತ್ತು. ಅಷ್ಟೇ. ನಾಲ್ಕು ಸೆಕೆಂಡ್ ಇದ್ದರೆ ಹೆಚ್ಚು. ನಾನು ಕಾಣಲೇ ಇಲ್ಲ. ಕಚ್ಚಿದ್ದು ಇಲ್ಲವೇ ಇಲ್ಲ, ಬೂಟಿನ ಅಚ್ಚೇ ಕಥೆಯಾಯಿತು. ಕನ್ನಿಯಮ್ಮ ಪರದೆಯಿಂದ ಕಣ್ಣು ಕೀಳಲಿಲ್ಲ. ತುಳಸಿಮಣಿ ನನ್ನ ಕಡೆ ಬಾಗಿ, "ಇನ್ನೂ ಮುಂದೆ ಬರುತ್ತೆ ಅಲ್ವಾ?" ಎಂದಳು. ನಾನು ಕೇಳಿಸದವಳ ಹಾಗೆ ಕೂತೆ.

ಗುಂಡಿನ ಕಾಳಗ ಮುಗಿಯಿತು, ಹೀರೋಗೆ ಪದಕ ಸಿಕ್ಕಿತು, ಹೆಸರುಗಳು ಮೇಲೆ ಹೋದವು, ದೀಪ ಹತ್ತಿತು. ಜನ ಎದ್ದು ಹೋದರು. ತುಳಸಿಮಣಿ ಏಳಲಿಲ್ಲ. ಖಾಲಿ ಪರದೆ ನೋಡುತ್ತ ಕೂತಿದ್ದಳು.

"ನಗೋದು ಎಲ್ಲಿ?" ಎಂದಳು.

ನಾನೇ ಹೇಳಬೇಕಾಯಿತು. "ಅದನ್ನ ಸಿನಿಮಾದಲ್ಲಿ ಹಾಕೋದಿಲ್ಲ ತಾಯೀ. ಅದು ನಮ್ಮ ಜೀವಕ್ಕೆ ಅಂತ ಮಾಡೋದು. ಆಮೇಲೆ ಎಸೆದುಬಿಡ್ತಾರೆ."

"ಎಸೆದುಬಿಡ್ತಾರಾ."

"ಎಲ್ಲರದ್ದೂ."

ಅವಳು ಮಡಿಲಲ್ಲಿದ್ದ ಡಬ್ಬಿಯ ಮುಚ್ಚಳ ತಿರುಗಿಸಿದಳು, ಮತ್ತೆ ಬಿಗಿ ಮಾಡಿದಳು. "ಊರಿಗೆಲ್ಲಾ ಹೇಳಿಬಿಟ್ಟಿದೀನಿ. ನಮ್ಮ ಅಕ್ಕನ ಮಕ್ಕಳಿಗೆ, ಸೊಸೈಟಿಯವರಿಗೆ. ಸಿನಿಮಾ ಬಂದಾಗ ಹೋಗಿ, ನಮ್ಮವ್ವ ಎದ್ದು ನಗ್ತಾಳೆ ನೋಡಿ ಅಂತ."

ನನಗೆ ಕದಿರವನ್‌ನ ಮೇಲೆ, ದೊರೈಕಣ್ಣುವಿನ ಮೇಲೆ, ನಮ್ಮೆಲ್ಲರ ಮೇಲೆ ಸಿಟ್ಟು ಬಂತು. ಆ ಅಂಗಳದಲ್ಲಿ ನಲವತ್ತು ಜನ ಇದ್ದೆವು. ಒಂದು ಮಾತು ಹೇಳಲು ಯಾರಿಗೂ ತೋಚಿರಲಿಲ್ಲ.

ಕನ್ನಿಯಮ್ಮ ತನ್ನ ಕೈಚೀಲವನ್ನು ನನ್ನ ಮಡಿಲಿಗೆ ಹಾಕಿದಳು. ಎಂಟು ತಿಂಗಳಲ್ಲಿ ಅವಳು ನನಗೆ ಕೊಟ್ಟ ಮೊದಲ ವಸ್ತು ಅದು. ಸಾಲುಗಳ ನಡುವೆ ಇಳಿದು ಪರದೆಯ ಬುಡಕ್ಕೆ ಹೋದಳು. ಅಲ್ಲಿ ಕಡಲೆ ಸಿಪ್ಪೆ, ಪಾಪ್‌ಕಾರ್ನ್ ಪೊಟ್ಟಣ ಬಿದ್ದಿದ್ದವು. ಕಾಲಿನಿಂದ ಸ್ವಲ್ಪ ಜಾಗ ಮಾಡಿಕೊಂಡು ಮಲಗಿದಳು. ಬಲಗಾಲು ಮಡಚಿದಳು. ಎಡಗೈ ಚಾಚಿದಳು. ಕಣ್ಣು ಮುಚ್ಚಿದಳು.

ತುಳಸಿಮಣಿ ಎದ್ದು ನಿಂತಳು.

ಕಸ ಗುಡಿಸುವವನು ಪೊರಕೆ ಹಿಡಿದು ಬಾಗಿಲಿಂದಲೇ ಕೂಗಿದ. "ಏಯ್ ಮುದುಕಿ, ಅಲ್ಲೇನು ಮಲಗೋದು? ಕುಡಿದಿದೀಯಾ? ಮುಂದಿನ ಆಟಕ್ಕೆ ಜನ ಬಿಡ್ಬೇಕು, ಏಳು, ಏಳು."

ಕನ್ನಿಯಮ್ಮನ ಉಸಿರು ನಿಂತಿತ್ತು. ರೆಪ್ಪೆ ಅಲ್ಲಾಡುತ್ತಿರಲಿಲ್ಲ. ಅವನು ಪೊರಕೆಯೊಂದಿಗೆ ಅವಳ ಕಡೆ ಹೊರಟಾಗ ನಾನು ಸಾಲಿಗೆ ಅಡ್ಡವಾಗಿ ನಿಂತೆ.

"ಸುಮ್ನೆ ನಿಂತ್ಕೊಳಯ್ಯಾ," ಎಂದೆ. "ಟೇಕ್ ನಡೀತಿದೆ."